ಬಗ್ಗಬೇಡ

ಜೂನ್ 3

ಒಂದು ಮಾತನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಈ ಪುಸ್ತಕ ಶುರು ಮಾಡಿ ಪ್ರಯೋಜನವಿಲ್ಲ. ನನಗೆ ಈಗ ನೋವಿಲ್ಲ. ಇಲ್ಲವಾಗಿ ಕೆಲವು ವಾರಗಳೇ ಆದವು. ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಇವರು "ಹೇಗಿದೆ ಬೆನ್ನು?" ಎಂದು ಕೇಳುತ್ತಾರೆ. "ಇದೆ" ಎನ್ನುತ್ತೇನೆ. ಸುಳ್ಳಲ್ಲ, ಬೆನ್ನು ಇದೆ. ನೋವಿದ್ದ ಜಾಗದಲ್ಲಿ ಈಗ ಭಯ ಬಂದು ಕೂತಿದೆ. ನೋವಿಗಾದರೆ ಮಾತ್ರೆಯುಂಟು, ರಜೆಯುಂಟು, ಅಯ್ಯೋ ಪಾಪ ಎನ್ನುವವರುಂಟು. ಭಯ ಎಂದರೆ ಜನ ನಗುತ್ತಾರೆ. ಅದಕ್ಕೇ ಭಯಕ್ಕೂ ನೋವೆಂದೇ ಹೆಸರಿಟ್ಟು ಸಾಕುತ್ತಿದ್ದೇನೆ.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ಬರೆದರೆ ನನ್ನ ಅಳುಕೂ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನೀಟಾಗಿ ಕಾಣುತ್ತದೆ. ಆದ್ದರಿಂದ ಇದು ಕನ್ನಡದಲ್ಲಿ.

ನಿನ್ನೆಯೇ ಶುರುವಾಗಬೇಕಿತ್ತು. ಪುಸ್ತಕ ತೆರೆದು ಕೂತೆ, ಪೆನ್ನು ಜಾರಿ ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಪುಸ್ತಕ ಮುಚ್ಚಿಟ್ಟೆ. ಇವರು ಅಂಗಡಿಯಿಂದ ಬಂದ ಮೇಲೆ ಇಕ್ಕಳದ ಕೋಲಿನಿಂದ ಎತ್ತಿಕೊಟ್ಟರು. ತುದಿಯಲ್ಲಿ ಇಕ್ಕಳ, ಹಿಡಿಯಲ್ಲಿ ಬಂದೂಕಿನ ಹಾಗೆ ಒತ್ತುವ ಕುದುರೆ. ನಾನು ಬಗ್ಗಬಾರದೆಂದು ಅವರೇ ಹುಡುಕಿ ತಂದದ್ದು.

ಜೂನ್ 4

ನಮ್ಮ ಆಸ್ಪತ್ರೆಯ ಮುಖ್ಯ ಕಚೇರಿಯ ಪತ್ರವನ್ನು ಇವತ್ತು ಮತ್ತೆ ಓದಿದೆ. ನನ್ನನ್ನು "ಎಕ್ಸ್‌ರೇ ಟೆಕ್ನಿಷಿಯನ್, ಸದ್ಯಕ್ಕೆ ರೆಕಾರ್ಡ್ ವಿಭಾಗ" ಎಂದು ಕರೆದಿದ್ದಾರೆ. ಆ "ಸದ್ಯಕ್ಕೆ"ಯ ಆಯುಸ್ಸು ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎರಡರಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಅಂಚೆಯಲ್ಲಿ ಕಳಿಸಬೇಕು. ಮೊದಲನೆಯದು, ರೆಕಾರ್ಡ್ ವಿಭಾಗದಲ್ಲೇ ಕಾಯಂ ಆಗಿ ಉಳಿಯಲು ಒಪ್ಪಿಗೆ. ಎರಡನೆಯದು, ಎಕ್ಸ್‌ರೇ ಕೋಣೆಗೆ ಮರಳಲು ಭಾರ ಎತ್ತುವ ಪರೀಕ್ಷೆ. ಇಪ್ಪತ್ತೈದು ಕಿಲೋ ಮರಳಿನ ಚೀಲವನ್ನು ನೆಲದಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ, ಅವರು ಸಾಕೆನ್ನುವವರೆಗೆ. ಆಮೇಲೆ ಒಂದಾಳು ಭಾರದ ಬೊಂಬೆಯನ್ನು ಸ್ಟ್ರೆಚರಿನಿಂದ ಮೇಜಿಗೆ ಎಳೆದು ಮಲಗಿಸಬೇಕು. ಪರೀಕ್ಷೆ ಒಂದೇ ಸಲ. ಸೋತರೆ ಮತ್ತೆ ರೆಕಾರ್ಡ್ ವಿಭಾಗವೇ.

ಜನವರಿಯಲ್ಲಿ ನನ್ನ ಬೆನ್ನು ಹೋದದ್ದು ಹಾಗೆ ಎಳೆಯುವಾಗಲೇ. ಇನ್ನೊಬ್ಬರು ಬರಲಿ ಎಂದು ಕಾಯಬೇಕಿತ್ತು. ರೋಗಿ ನರಳುತ್ತಿದ್ದ, ಕಾಯಲಿಲ್ಲ. ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಆ ಮೇಲೆ ನನ್ನನ್ನು ನೆಲಮಾಳಿಗೆಗೆ ಇಳಿಸಿದರು.

ನೆಲಮಾಳಿಗೆಗೆ ಕಿಟಕಿಯಿಲ್ಲ. ಹಳೆಯ ಫಿಲ್ಮುಗಳ ಕಪಾಟುಗಳು, ಒಂದು ಟ್ಯೂಬ್‌ಲೈಟು, ಎರಡು ಕುರ್ಚಿ. ಒಂದು ಕುರ್ಚಿ ಅಲ್ಲಿನ ಹಿರಿಯ ಗುಮಾಸ್ತರದು. ಆಸ್ಪತ್ರೆಯೆಲ್ಲ ಅವರನ್ನು "ದೊರೆ" ಎನ್ನುತ್ತದೆ, ಅವರೂ ಆ ಹೆಸರಿಗೆ ಓಗೊಡುತ್ತಾರೆ.

"ಕಾಯಂ ಅಂತ ಹಾಕಿಬಿಡಿ ಮೇಡಮ್ಮಾ," ಎಂದರು ದೊರೆ, ಪತ್ರ ನೋಡಿ. "ಇಲ್ಲಿ ಫ್ಯಾನಿದೆ, ನಾಲ್ಕು ಗಂಟೆಗೆ ಟೀ ಇದೆ. ಮೇಲೆ ಏನಿದೆ? ಬರೀ ಜನ!"

ಜನ ಎಂದಾಗ ಅವರ ಮುಖ ಹುಳಿ ಕಚ್ಚಿದ ಹಾಗಾಯಿತು. ನನಗೆ ಬೇಕಾಗಿರುವುದು ಆ ಜನವೇ. "ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಇಪ್ಪತ್ತು ವರ್ಷ ಹೇಳಿದ್ದೇನೆ. ನಾನು ಹೇಳಿದಾಗ ಅವರು ಬಿಡುತ್ತಿದ್ದರು. ಇಲ್ಲಿ ನಾನೇ ಉಸಿರು ಹಿಡಿದು ಕೂತಿದ್ದೇನೆ.

ಜೂನ್ 6

ಆಸ್ಪತ್ರೆಯ ಫಿಸಿಯೋ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಮಾತ್ರ ಅಜ್ಜಿಯದು.

"ಸೊಂಟ ಎಲ್ಲಿದೆ ತೋರಿಸಿ ಮೇಡಂ."

ಕೈಯನ್ನು ನಡುವಿನ ಮೇಲಿಟ್ಟೆ. ಅವಳು ನನ್ನ ಕೈ ಹಿಡಿದು ಕೆಳಗೆ, ತೊಡೆ ಮಡಚುವ ಗೆರೆಯವರೆಗೆ ತಂದಳು. "ಕೀಲು ಇರೋದು ಇಲ್ಲಿ. ನೀವು ಬಾಗಿಲನ್ನ ಕೀಲಿನ ಹತ್ರ ತೆಗೀದೆ ಹಲಗೆ ಮಧ್ಯ ಮುರೀತಿದೀರ."

ಸಾವಿರಾರು ಸೊಂಟದ ಕೀಲುಗಳ ಚಿತ್ರ ತೆಗೆದವಳು ನಾನು. ನನ್ನದು ಎಲ್ಲಿದೆ ಎಂದು ಕೇಳಿದರೆ ತಪ್ಪು ತೋರಿಸಿದೆ.

ಬೆನ್ನಿಗೆ ಉದ್ದಕ್ಕೆ ಒಂದು ಕೋಲು. ತಲೆಯ ಹಿಂಭಾಗ, ಭುಜಗಳ ನಡುವೆ, ಬೆನ್ನುಮೂಳೆಯ ಬುಡ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು. ಎರಡೂ ಕೈಯಲ್ಲಿ ಸಾಮಾನು ಹಿಡಿದವರು ಹಿಂಬದಿಯಿಂದ ಬಾಗಿಲು ತಳ್ಳುವ ಹಾಗೆ ಕುಂಡೆಯನ್ನು ಗೋಡೆಯ ಕಡೆಗೆ ತಳ್ಳಬೇಕು. ಮಂಡಿ ಸ್ವಲ್ಪವೇ ಸಡಿಲ. ನಾನು ಒಂದು ಗೇಣೂ ಬಗ್ಗಲಿಲ್ಲ, ಮೈ ನಡುಗಲು ಶುರುವಾಯಿತು.

"ನೋವಾ?" ಎಂದಳು.

"ಇದೆ," ಎಂದೆ.

ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು ಎನಿಸಿತು.

ಜೂನ್ 20

ಇವರ ಬಗ್ಗೆ ದೂರುವ ಹಾಗಿಲ್ಲ, ಅದೇ ಕಷ್ಟ. ಇವರದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಹಿಡಿಯುವ ಕೈ. ಮನೆಗೆ ಬಂದರೂ ಅದೇ ಕೈ. ಪಾತ್ರೆಗಳೆಲ್ಲ ನನ್ನ ನಡುವಿನ ಎತ್ತರದ ಕಪಾಟಿಗೆ ಬಂದಿವೆ. ನನ್ನ ಚಪ್ಪಲಿ ಕುರ್ಚಿಯ ಮೇಲಿರುತ್ತದೆ. ಬಕೆಟ್ ಮುಟ್ಟುವ ಹಾಗಿಲ್ಲ. ನಾನು ಎಲ್ಲಿಗೆ ಕೈ ಚಾಚಿದರೂ ಇನ್ನೊಂದು ಕೋಣೆಯಿಂದ "ಬಗ್ಗಬೇಡ ಕಣೇ" ಎಂಬ ಮಾತು ಬರುತ್ತದೆ. ಗೋಡೆಯ ಆಚೆಯಿಂದ ಹೇಗೆ ಗೊತ್ತಾಗುತ್ತದೋ.

ಜೊತೆಗೆ ಆ ಚಿತ್ರ. ಜನವರಿಯಲ್ಲಿ ತೆಗೆದ ನನ್ನ ಬೆನ್ನಿನ ಸ್ಕ್ಯಾನಿನ ಫಿಲ್ಮನ್ನು ಮಲಗುವ ಕೋಣೆಯ ಕಿಟಕಿ ಗಾಜಿಗೆ ಅಂಟಿಸಿಕೊಂಡಿದ್ದೇನೆ. ಬೆಳಗಿನ ಬೆಳಕಿನಲ್ಲಿ ಕೆಳಗಿನ ಎರಡು ಮೂಳೆಗಳ ನಡುವಿನ ಡಿಸ್ಕಿನ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಸ್ಕೇಲಿಟ್ಟು ಅಳೆದಿದ್ದೇನೆ, ಒಂದು ಸಲವಲ್ಲ.

ನಮ್ಮ ಅತ್ತೆ ಅದನ್ನು ನೋಡಿ, "ಬೇರೆಯವರು ಕಿಟಕಿಗೆ ಪರದೆ ಹಾಕ್ತಾರೆ, ನಮ್ಮನೇಲಿ ಬೆನ್ನುಮೂಳೆ," ಎಂದರು. ನಾನು ಕೋಲು ಕಟ್ಟಿಕೊಂಡು ಗೋಡೆಗೆ ಬೆನ್ನು ಮಾಡಿ ನಿಂತಿದ್ದಾಗ ಬಂದು, "ಏನಮ್ಮ, ಗೋಡೆ ಬೀಳುತ್ತೆ ಅಂತ ಒತ್ತಿ ಹಿಡಿದಿದೀಯಾ?" ಎಂದರು.

ಇತ್ತೀಚೆಗೆ ಅವರ ಕೈ ನಡುಗುತ್ತಿರುವಂತಿದೆ. ಇವತ್ತು ನನ್ನ ಪಕ್ಕದಲ್ಲೇ ಚಮಚ ಬೀಳಿಸಿದರು. ನಾನು ಇಕ್ಕಳದ ಕೋಲು ತರುವಷ್ಟರಲ್ಲಿ ಅವರೇ ಗೊಣಗಿಕೊಂಡು ಎತ್ತಿಕೊಂಡರು. ವಯಸ್ಸು. ಇವರಿಗೆ ಹೇಳಬೇಕು.

ಜುಲೈ 9

ಕೋಲು ಈಗ ಮೂರೂ ಕಡೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ, ಮೈಯನ್ನು ತಕ್ಕಡಿಯ ದಂಡದ ಹಾಗೆ ನೆಲಕ್ಕೆ ಸಮವಾಗಿ ತರುತ್ತೇನೆ. ಅಂಗಾತ ಮಲಗಿ ಕುಂಡೆ ಎತ್ತುವುದು ಎರಡು ಕಾಲಿನಿಂದ ಒಂದು ಕಾಲಿಗೆ ಬಂದಿದೆ. ಫಿಸಿಯೋ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡು ನನಗೇ ಸಂತೋಷವಾಯಿತು. ನೂರಕ್ಕೆ ನೂರು ತೆಗೆದುಕೊಂಡ ಶಾಲೆಯ ಹುಡುಗಿಯ ಸಂತೋಷ.

ಅಷ್ಟರಲ್ಲಿ ಅವಳು ಹಿಡಿಯಿರುವ ಒಂದು ಕಬ್ಬಿಣದ ಗುಂಡನ್ನು ನನ್ನ ಕಾಲುಗಳ ನಡುವೆ ತಂದಿಟ್ಟಳು.

"ಇದು ಬೇಡ," ಎಂದೆ.

"ಎಂಟು ಕಿಲೋ ಅಷ್ಟೇ ಮೇಡಂ. ನಿಮ್ಮ ಕೈಚೀಲಾನೇ ಇದಕ್ಕಿಂತ ಭಾರ ಇರುತ್ತೆ."

"ನನ್ನ ಮೈಭಾರ ಸಾಕು. ಅದೂ ಭಾರವೇ ತಾನೆ? ಒಂಟಿ ಕಾಲಿನಲ್ಲಿ ಮಾಡುವುದು ಕಷ್ಟ ಎಂದು ನೀವೇ ಹೇಳಿದ್ದಿರಿ."

"ಹೇಳಿದ್ದೆ. ದೇಹದ ಭಾರದಲ್ಲಿ ಮಾಡೋದು ದಾರಿ ತೋರಿಸುತ್ತೆ, ತೂಗಾಟ ನಿಲ್ಲಿಸುತ್ತೆ. ಅದಿಲ್ಲದೆ ಭಾರ ಮುಟ್ಟಿದ್ರೆ ಜನವರಿ ತಿರುಗಾ ಬರುತ್ತೆ. ಆದ್ರೆ ಪರೀಕ್ಷೇಲಿ ಮರಳಿನ ಚೀಲ ನಿಮ್ಮ ಭಂಗಿ ಚೆನ್ನಾಗಿದೆ ಅಂತ ತಾನಾಗೇ ಮೇಲೆ ಬರುತ್ತಾ? ದಡದಲ್ಲಿ ಮಲಗಿ ಕೈಕಾಲು ಬಡಿದ್ರೆ ಈಜು ಬಂತು ಅನ್ನೋಕಾಗಲ್ಲ."

ನಾನು ತರ್ಕ ಮಾಡಿದೆ. ನನಗೆ ತರ್ಕ ಮಾಡಲು ಬರುತ್ತದೆ. ಗಾಯಗೊಂಡವರು, ವಯಸ್ಸು, ಮುಟ್ಟು ನಿಲ್ಲುವ ಕಾಲ, ಮೂಳೆಯ ಸವೆತ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಮೂಳೆಗೂ ಭಾರ ಬೇಕು ಮೇಡಂ," ಎಂದಷ್ಟೇ ಹೇಳಿ ಗುಂಡನ್ನು ಪಕ್ಕಕ್ಕೆ ತಳ್ಳಿದಳು. ಕಾಲಿನಿಂದ.

ಜುಲೈ 10

ಮೈಭಾರ ಸಾಕು ಎಂಬುದು ನನ್ನ ಅಭಿಪ್ರಾಯವೋ, ಅಡಗುವ ಜಾಗವೋ? ಕೋಲು ಹಿಡಿದು ಬಗ್ಗುವಾಗ ಏನೂ ಕಳೆದುಕೊಳ್ಳುವ ಹಾಗಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಮಾಡುತ್ತೇನೆ.

ಜುಲೈ 23

ರೆಕಾರ್ಡ್ ಕೋಣೆಯ ಹಿಂಬದಿಯಲ್ಲಿ ಒಂದು ಕಂಬಿಗೆ ಸೀಸದ ಏಪ್ರನ್‌ಗಳು ನೇತಾಡುತ್ತಿವೆ. ಎಕ್ಸ್‌ರೇ ತೆಗೆಯುವಾಗ ನಾವು ಕುತ್ತಿಗೆಯಿಂದ ಮಂಡಿಯವರೆಗೆ ತೊಡುವಂಥವು. ಒಳಗಿನ ಸೀಸ ಬಿರುಕು ಬಿಟ್ಟಿದೆಯೆಂದು ತಪಾಸಣೆಯಲ್ಲಿ ತಳ್ಳಿಹಾಕಿದ ಮೇಲೆ ವಿಲೇವಾರಿಗೆ ಕಾಯುತ್ತಾ ಇಲ್ಲಿಗೆ ಬಂದಿವೆ. ದೊರೆ ಮತ್ತು ನನ್ನ ಹಾಗೆ.

ಸುಮ್ಮನೆ ಒಂದನ್ನು ಕೈಯಲ್ಲಿ ಹಿಡಿದೆ. ತೂಕ ಪರಿಚಿತ. ಇಷ್ಟು ಭಾರವನ್ನು ದಿನಕ್ಕೆ ಎಂಟು ಗಂಟೆ ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದೆನಲ್ಲ, ಆಗ ಅದನ್ನು ಯಾರೂ ಭಾರ ಎನ್ನಲಿಲ್ಲ. ಕೆಲಸ ಎನ್ನುತ್ತಿದ್ದರು.

ಸುರುಳಿ ಸುತ್ತಿ ಹಳೆಯ ಕ್ಯಾನ್ವಾಸ್ ಚೀಲಕ್ಕೆ ಹಾಕುವಾಗ ಕೈ ಹಿಂಜರಿಯಿತು. ಏಪ್ರನ್ ಮಡಚಬಾರದು, ಮಡಚಿದರೆ ಸೀಸ ಬಿರುಕು ಬಿಡುತ್ತದೆ ಎಂದು ಹೊಸಬರಿಗೆಲ್ಲ ಗದರಿದವಳು ನಾನು. ಆಮೇಲೆ ಹೊಳೆಯಿತು. ಇವೆಲ್ಲವೂ ಒಂದು ದಿನವೂ ಮಡಚದೆ, ನೆಟ್ಟಗೆ ನೇತು ಹಾಕಿ ಕಾಪಾಡಿದಂಥವೇ. ಆದರೂ ಬಿರುಕು ಬಿಟ್ಟಿವೆ.

ಎರಡು ಏಪ್ರನ್ ತುಂಬಿದ ಚೀಲ. ಕಪಾಟುಗಳ ಸಂದಿಯಲ್ಲಿ ನಿಂತು, ಕುಂಡೆ ಹಿಂದಕ್ಕೆ, ಬೆನ್ನು ನೇರ, ಉಸಿರು ತಗೊಂಡು, ಹಿಡಿದು, ಎತ್ತಿದೆ. ಮೇಲೆ ಬಂದು ಬಿಟ್ಟೆ.

"ಮೇಡಮ್ಮಾ, ಒಳಗೇನು ಮಾಡ್ತಿದೀರಿ?" ಎಂದು ದೊರೆ ಕೂಗಿದರು.

"ಲೆಕ್ಕ ನೋಡ್ತಿದೀನಿ."

"ಅವು ಎಲ್ಲಿಗೂ ಓಡಿಹೋಗಲ್ಲ. ಇಲ್ಲಿಗೆ ಬಂದದ್ದು ಯಾವುದೂ ಓಡಿಹೋಗಿಲ್ಲ."

ಆಗಸ್ಟ್ 5

ಫಿಸಿಯೋಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಚಪ್ಪಾಳೆ ತಟ್ಟಿದಳು. ಕಬ್ಬಿಣದ ಗುಂಡಿಗೆ ಹೆದರಿದವಳು ಸೀಸಕ್ಕೆ ಹೆದರಲಿಲ್ಲವಲ್ಲ ಎಂದು ನಕ್ಕಳು. ಇಬ್ಬರೂ ಸೇರಿ ಕ್ರಮ ಹಾಕಿದೆವು. ಮೈಭಾರದ ವ್ಯಾಯಾಮವನ್ನು ಬಿಡುವಂತಿಲ್ಲ, ಅದು ಮೊದಲು, ಕೀಲಿಗೆ ಎಣ್ಣೆ ಹಾಕಿದ ಹಾಗೆ. ಆಮೇಲೆ ಚೀಲ. ಪ್ರತಿ ವಾರ ಸ್ವಲ್ಪ ಸ್ವಲ್ಪ ತುಂಬುತ್ತಾ ಹೋಗಬೇಕು.

"ಎತ್ತೋದು ಒಂದು, ಥಟ್ಟನೆ ಎತ್ತೋದು ಇನ್ನೊಂದು," ಎಂದಳು. "ಸ್ಟ್ರೆಚರಿನಿಂದ ಎಳೆಯೋವಾಗ ಒಂದು, ಎರಡು, ಮೂರು ಅಂತೀರಲ್ಲ, ಆ ಮೂರಕ್ಕೆ ಸೊಂಟ ಚಿಟಿಕೆ ಹೊಡೆದ ಹಾಗೆ ನೆಟ್ಟಗಾಗಬೇಕು. ನಿಧಾನವಾಗಿ ಬಲ ಬಂದ್ರೆ ರೋಗಿ ಅರ್ಧ ದಾರೀಲಿ ಉಳೀತಾನೆ."

ಅದಕ್ಕೆಂದು ನಿಂತಲ್ಲಿಂದ ಮುಂದಕ್ಕೆ ಜಿಗಿಯುವುದು. ನಲವತ್ತಾರು ವರ್ಷದ ಹೆಂಗಸು ಆಸ್ಪತ್ರೆಯ ಕಾರಿಡಾರಿನಲ್ಲಿ ಕಪ್ಪೆಯ ಹಾಗೆ. ನಂತರ ಗುಂಡನ್ನು ಕಾಲುಗಳ ನಡುವಿನಿಂದ ಎದೆಯ ಮಟ್ಟಕ್ಕೆ ತೂಗುವುದು. ತೋಳು ಎತ್ತುವುದಲ್ಲ, ಸೊಂಟ ಒದೆಯುವುದು. ತೋಳು ಬರೀ ಹಗ್ಗ.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಂಜೆ ಇವರು ನನ್ನ ಚಪ್ಪಲಿಯ ಪಟ್ಟಿ ಬಿಗಿದುಕೊಟ್ಟರು. ಸುಮ್ಮನೆ ಕೂತು ಕಾಲು ಚಾಚಿದೆ. ಇವರ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಈ ಮನುಷ್ಯನಿಗೆ ಸಂಜೆ ಏನು ಕೆಲಸ ಉಳಿಯುತ್ತದೆ ಎಂಬ ಯೋಚನೆ ಬಂದು ಮುಚ್ಚಿಕೊಂಡೆ.

ಅತ್ತೆ ಇವತ್ತು ಕನ್ನಡಕದ ಡಬ್ಬಿ ಬೀಳಿಸಿದರು. ತೆಗೆದುಕೊಟ್ಟೆ. "ಹೂಂ," ಎಂದರು, ಏನೋ ಗುರುತು ಹಾಕಿಕೊಂಡವರ ಹಾಗೆ. ಅವರ ಕೈ ನಡುಕದ ವಿಷಯ ಡಾಕ್ಟರ ಹತ್ತಿರ ಕೇಳಲೇಬೇಕು.

ಆಗಸ್ಟ್ 17, ಭಾನುವಾರ

ಎಂಆರ್‌ಐ ಯಂತ್ರದ ಸರ್ವಿಸ್ ಮುಗಿಯಿತು. ಹಾಗೆ ಮುಗಿದಾಗಲೆಲ್ಲ ನಮ್ಮಲ್ಲೇ ಯಾರಾದರೂ ಒಬ್ಬರು ಒಳಗೆ ಮಲಗಿ ಪ್ರಯೋಗಕ್ಕೆ ಒಂದು ಸ್ಕ್ಯಾನ್ ಮಾಡಿಸಿಕೊಳ್ಳುವುದು ವಾಡಿಕೆ. ಈ ಸಲ ನಾನು ಬರುತ್ತೇನೆ ಎಂದೆ. "ಯಾವ ಭಾಗ ಮೇಡಂ?" ಎಂದ ಈಗ ನನ್ನ ಜಾಗದಲ್ಲಿರುವ ಟೆಕ್ನಿಷಿಯನ್. "ಬೆನ್ನೇ ಮಾಡು," ಎಂದೆ, ಯಾವುದಾದರೇನು ಎನ್ನುವ ದನಿಯಲ್ಲಿ.

ಒಳಗೆ ಮಲಗಿದಾಗ ಮೂಗಿನಿಂದ ಒಂದು ಚೋಟು ಮೇಲೆ ಬಿಳಿ ಗೋಡೆ. ಬಡಿತ, ಗುಂಯ್ಗುಟ್ಟುವಿಕೆ, ಮತ್ತೆ ಬಡಿತ. ಅಲುಗಾಡುವಂತಿಲ್ಲ. ಈ ಏಳೆಂಟು ತಿಂಗಳೂ ನಾನು ಇದರೊಳಗೇ ಇದ್ದೆ ಎನಿಸಿತು. ಮನೆ, ನೆಲಮಾಳಿಗೆ, ಬಸ್ಸು, ಎಲ್ಲವೂ ಇದೇ ಕೊಳವೆಯ ಉದ್ದ ಅಷ್ಟೇ. ಎಲ್ಲೆಲ್ಲೂ ಪ್ರೀತಿಯ ದನಿಯೊಂದು ಮೈಕಿನಲ್ಲಿ ಹೇಳುತ್ತದೆ: ಅಲುಗಾಡಬೇಡಿ, ಇನ್ನೇನು ಆಯ್ತು.

ಹೊರಗೆ ಬಂದು ಪರದೆ ನೋಡಿದೆ. ಉಬ್ಬು ಅಲ್ಲೇ ಇದೆ. ಅಷ್ಟೇ ಇದೆ. ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ಆಗಸ್ಟ್ 18

ಮೊದಲನೆಯ ಚೌಕ, ರೆಕಾರ್ಡ್ ವಿಭಾಗವೇ ಕಾಯಂ. ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ಆಗಸ್ಟ್ 29

ಹನ್ನೊಂದು ದಿನ ಏನೂ ಮಾಡಲಿಲ್ಲ. ಫಿಸಿಯೋ ತಾನೇ ನೆಲಮಾಳಿಗೆಗೆ ಇಳಿದು ಬಂದಳು. ದೊರೆ ಗಡಬಡಿಸಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವರು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಚಿತ್ರ ಬದಲಾಗಿಲ್ಲ," ಎಂದೆ.

"ಯಾವ ಚಿತ್ರ?"

ಹೇಳಿದೆ. ಅವಳು ತಲೆ ಚಚ್ಚಿಕೊಂಡಳು. "ಮೇಡಂ, ನಿಮ್ಮ ವಯಸ್ಸಿನವರನ್ನ ಬೀದೀಲಿ ಹಿಡಿದು ತಂದು ಆ ಕೊಳವೇಲಿ ಮಲಗಿಸಿದ್ರೂ ಎಷ್ಟೋ ಜನಕ್ಕೆ ಉಬ್ಬು ಕಾಣುತ್ತೆ. ಅವರು ಗೊತ್ತಿಲ್ದೆ ಬಕೆಟ್ ಎತ್ತಿಕೊಂಡು ಓಡಾಡ್ತಿರ್ತಾರೆ. ನೀವೇ ರೋಗಿಗಳಿಗೆ ಹೇಳ್ತಿರಲಿಲ್ವಾ?"

ಹೇಳುತ್ತಿದ್ದೆ. ಬಾಗಿಲಲ್ಲಿ ಫಿಲ್ಮ್ ಹಿಡಿದು ಅಳುತ್ತಿದ್ದವರಿಗೆ, "ಇದು ಚಿತ್ರ ಅಷ್ಟೇ, ಇದರಲ್ಲಿ ನೋವು ಕಾಣಿಸಲ್ಲ" ಎಂದು ಎಷ್ಟು ಸಲ ಹೇಳಿಲ್ಲ. ಬೇರೆಯವರ ಬೆನ್ನಾದರೆ ನನಗೆ ವಿದ್ಯೆ ಬರುತ್ತದೆ.

"ನೋವು ಕಾಣದಿದ್ರೆ ಬಲ ಮಾತ್ರ ಹೇಗೆ ಕಾಣುತ್ತೆ? ನೀವು ಬೆಳೆಸಿದ್ದು ಡಿಸ್ಕನ್ನಲ್ಲ. ಅದರ ಸುತ್ತ ಇರೋದನ್ನ," ಎಂದಳು. ಏಳುತ್ತಾ, "ನೋವು ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು, ಸಮಯ ಎಷ್ಟು ಎಂದು ಕೇಳುವ ಹಾಗೆ.

ದೊರೆ ಟೀ ಲೋಟದೊಳಗೆ ನೋಡುತ್ತಿದ್ದರು.

"ಮೇ ತಿಂಗಳಲ್ಲೇ," ಎಂದೆ.

"ಗೊತ್ತಿತ್ತು," ಎಂದು ಮೆಟ್ಟಿಲು ಹತ್ತಿ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ದೊರೆ, ನನ್ನ ಕಡೆ ನೋಡದೆ, "ನಂಗೂ ಮಂಡಿ ಅಂತ ಕೆಳಗೆ ಇಳಿಸಿದ್ರು," ಎಂದರು. "ಮಂಡಿ ಯಾವತ್ತೋ ಸರಿ ಹೋಯ್ತು. ಆಮೇಲೆ ಟೀ ಅಭ್ಯಾಸ ಆಯ್ತು."

ಸೆಪ್ಟೆಂಬರ್ 5

ಮುಂದಿನ ವಾರ ರೆಕಾರ್ಡ್ ಕೋಣೆಗೆ ಬಣ್ಣ ಬಳಿಯುತ್ತಾರಂತೆ. ಅಲ್ಲಿ ಅಭ್ಯಾಸ ಮಾಡುವ ಹಾಗಿಲ್ಲ. ನಾಲ್ಕು ಏಪ್ರನ್ ತುಂಬಿದ ಚೀಲವನ್ನು ದೊರೆಯ ಅನುಮತಿ ಪಡೆದು ಮನೆಗೆ ತಂದೆ. "ವಾಪಸ್ ತನ್ನಿ ಮೇಡಮ್ಮಾ," ಎಂದರು. "ಲೆಕ್ಕ ತಪ್ಪಿದ್ರೆ ನನ್ನನ್ನ ಇನ್ನೂ ಕೆಳಗೆ ಇಳಿಸೋಣ ಅಂದ್ರೆ ಕೆಳಗೆ ಮಹಡಿನೇ ಇಲ್ಲ." ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಪಕ್ಕದಲ್ಲಿ ನಿಂತ ಹೆಂಗಸು ಮಗಳ ಶಾಲೆಯ ಕಥೆ ಹೇಳುತ್ತಾ ಬಂದಳು. ಕಥೆ ಚೆನ್ನಾಗಿತ್ತು, ನನ್ನ ನಿಲ್ದಾಣ ದಾಟಿ ಹೋಯಿತು, ವಾಪಸ್ ನಡೆದು ಬಂದೆ. ಚೀಲವನ್ನು ಮಂಚದ ಕೆಳಗೆ ತಳ್ಳಿಟ್ಟಿದ್ದೇನೆ.

ಸೆಪ್ಟೆಂಬರ್ 7, ಭಾನುವಾರ

ಇವರಿಗೆ ಚೀಲ ಸಿಕ್ಕಿತು.

ನಾನು ಅಡುಗೆಮನೆಯಲ್ಲಿದ್ದೆ. "ಏನಿದು? ಯಾರು ತಂದರು?" ಎಂದು ಕೂಗಿದರು. "ನಾನು," ಎಂದೆ. ಆಮೇಲೆ ಕೋಪ. ಇವರಿಗೆ ಕೋಪ ಬಂದದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. "ನಾನಿಲ್ಲಿ ಒಂದು ಲೋಟ ಎತ್ತೋಕೆ ಬಿಡಲ್ಲ, ನೀನು ಅಲ್ಲಿ ಹೋಗಿ ಸೀಸ ಹೊರ್ತೀಯಾ? ಆ ಪತ್ರಕ್ಕೆ ಸಹಿ ಹಾಕಿ ಕಳಿಸಿಬಿಡು ಅಂದ್ರೆ ಕೇಳಲ್ಲ. ಇದನ್ನ ಈಗಲೇ ಹೊರಗೆ ಹಾಕ್ತೀನಿ!"

"ರೀ, ಹಾಗೆ ಎತ್ತಬೇಡಿ, ಮೊದಲು ಸೊಂಟ..." ಎನ್ನುವಷ್ಟರಲ್ಲಿ ಮಂಡಿ ನೆಟ್ಟಗಿಟ್ಟು, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದೇ ಸಲಕ್ಕೆ ಜಗ್ಗಿದರು. ಚೀಲ ಅಲ್ಲೇ ಉಳಿಯಿತು. ಇವರೂ ಹಾಗೇ ಉಳಿದರು.

"ಅಯ್ಯೋ," ಎಂದರು, ಬಹಳ ಸಣ್ಣ ದನಿಯಲ್ಲಿ. "ಬರ್ತಿಲ್ಲ ಕಣೇ. ಮೇಲೆ ಬರ್ತಿಲ್ಲ."

ಅತ್ತೆ ಬಾಗಿಲಲ್ಲಿ ಬಂದು ನಿಂತು, "ಏನು ಹುಡುಕ್ತಿದೀಯೋ ನೆಲದಲ್ಲಿ?" ಎಂದರು.

ಇವರ ಎದೆಗೆ ತೋಳು ಬಳಸಿ, ನನ್ನ ಕಾಲನ್ನು ಅವರ ಕಾಲುಗಳ ನಡುವೆ ಊರಿ, ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಎಂದು ಹೇಳಿ, ಒಂದು, ಎರಡು, ಮೂರಕ್ಕೆ ಮಂಚದ ಅಂಚಿಗೆ ತಂದು, ಮತ್ತೊಂದು ಮೂರಕ್ಕೆ ಮಲಗಿಸಿದೆ. ಬಿಡಿ, ಎಂದೆ. ಬಿಟ್ಟರು. ಚೀಲ ಕಾಲಿಗೆ ಅಡ್ಡವಾಗಿತ್ತು, ಎತ್ತಿ ಮೂಲೆಗಿಟ್ಟೆ. ಒಲೆಯ ಮೇಲಿನ ಹಾಲು ನೆನಪಾಗಿ ಓಡಿದೆ. ಉಕ್ಕಿ ಹೋಗಿತ್ತು, ಒಂದು ಲೋಟದಷ್ಟು ಉಳಿದಿತ್ತು.

ವಾಪಸ್ ಬಂದಾಗ ತಾಯಿ ಮಗ ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಹಾಲಿಗೆ ಅಷ್ಟೊಂದು ಬೇಸರವೇ ಎಂದುಕೊಂಡೆ.

"ಅಲ್ಲ ಕಣೋ," ಎಂದರು ಅತ್ತೆ ಮಗನಿಗೆ, "ಎರಡು ತಿಂಗಳಿಂದ ನಾನು ಇವಳ ಮುಂದೆ ಚಮಚ, ಡಬ್ಬಿ ಬೀಳಿಸಿ ಬೀಳಿಸಿ ನೋಡ್ತಿದೀನಿ. ನೀನು ಸುಮ್ನೆ ನೀನೇ ಬಿದ್ದಿದ್ರೆ ಸಾಕಾಗಿತ್ತು."

ಸೆಪ್ಟೆಂಬರ್ 10

ಫಿಸಿಯೋ ಬಂದು ನೋಡಿ, ಸ್ನಾಯು ಹಿಡಿದಿದೆ ಅಷ್ಟೇ, ನಾಲ್ಕು ದಿನ, ನಿಧಾನವಾಗಿ ಓಡಾಡಲಿ ಎಂದು ಹೋದಳು. ಅಂಗಡಿ ಮುಚ್ಚಿದೆ. ಇವರು ಮಲಗಿದ್ದಾರೆ.

ಇವತ್ತು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಮಂಚ ಕಿರುಗುಟ್ಟಿದ ಸದ್ದು ಕೇಳಿ, "ಬಗ್ಗಬೇಡಿ!" ಎಂದು ಕೂಗಿದೆ. ಗೋಡೆಯ ಆಚೆಯಿಂದ. ಕೂಗಿದ ಮೇಲೆ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಹೋಗಿ ನೋಡಿದರೆ ಇವರು ನೀರಿನ ಲೋಟಕ್ಕೆ ಕೈ ಚಾಚಿದ್ದರು. ಇಕ್ಕಳದ ಕೋಲು ಅವರ ಪಕ್ಕದಲ್ಲಿತ್ತು. ಅದನ್ನು ಅಲ್ಲಿಟ್ಟದ್ದೂ ನಾನೇ.

"ಒಂದು ಲೋಟ ನೀರು ನಾನೇ ತಗೋತೀನಿ ಬಿಡೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಂಡ ಹಾಗಿತ್ತು. "ಮೂರೇ ದಿನಕ್ಕೆ ಉಸಿರು ಕಟ್ಟಿದ ಹಾಗಾಗ್ತಿದೆ."

ಅವರೇ ತಮ್ಮ ಮಾತನ್ನು ಕೇಳಿಸಿಕೊಂಡರು ಎನಿಸುತ್ತದೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ಆ ಫಿಲ್ಮ್ ತೆಗಿ. ಬೆಳಕು ಬರಲ್ಲ," ಎಂದರು.

"ತೆಗೆದರೆ ನಾನು ಮತ್ತೆ ಭಾರ ಎತ್ತೋಕೆ ಹೋಗ್ತೀನಿ, ನೀವು ಹೆದರ್ಕೋತೀರಿ."

"ಹೆದರ್ಕೋತೀನಿ. ಜನವರೀಲಿ ನಿನ್ನನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದಾಗಿಂದ ಹೆದರ್ಕೊಂಡೇ ಇದೀನಿ. ಅದಕ್ಕೆ ನೀನು ಮಲಗಿರಬೇಕಾ?"

ನೋವು ಮೇ ತಿಂಗಳಲ್ಲೇ ಹೋಗಿತ್ತು ಎಂದು ಆಗ ಹೇಳಿದೆ. ಇವರು ಕಣ್ಣು ಮುಚ್ಚಿದರು. "ಚಪ್ಪಲಿಯ ಪಟ್ಟಿ?" ಎಂದರು.

"ಅದು ಇಷ್ಟ ಆಗ್ತಿತ್ತು," ಎಂದೆ. ಅದೂ ಸುಳ್ಳಲ್ಲ.

ಫಿಲ್ಮ್ ತೆಗೆದಿದ್ದೇನೆ. ಗಾಜಿನ ಮೇಲೆ ನಾಲ್ಕು ಮೂಲೆಯ ಅಂಟು ಉಳಿದಿದೆ.

ಸೆಪ್ಟೆಂಬರ್ 14, ಭಾನುವಾರ

ಇವರು ಎದ್ದು ಓಡಾಡುತ್ತಿದ್ದಾರೆ. ಬೆಳಿಗ್ಗೆ ಬೆನ್ನಿಗೆ ಕೋಲು ಇಟ್ಟುಕೊಂಡು ಗೋಡೆಗೆ ಬೆನ್ನು ಮಾಡಿ ನಿಂತಿದ್ದರು. ನಾನು ಕೈ ಹಿಡಿದು ಕೀಲು ಎಲ್ಲಿದೆ ಎಂದು ತೋರಿಸಿದೆ. ಅವರೂ ಮೊದಲು ನಡುವಿನ ಮೇಲೇ ಕೈಯಿಟ್ಟಿದ್ದರು. "ಇನ್ನೊಬ್ಬರು ಗೋಡೆ ಒತ್ತೋಕೆ ಬಂದ್ರು," ಎಂದರು ಅತ್ತೆ. ಅವರ ಕೈ ನಡುಕ ಈಗ ಪೂರ್ತಿ ನಿಂತಿದೆ.

ದೊರೆಯನ್ನು ಕೇಳಿ ಇನ್ನೊಂದು ತಂದೆ, ಚೀಲದಲ್ಲಿ ಈಗ ಐದು ಏಪ್ರನ್. ತಕ್ಕಡಿಯಲ್ಲಿಟ್ಟು ನೋಡಲಿಲ್ಲ. ಪರೀಕ್ಷೆಯ ಚೀಲಕ್ಕೆ ಸ್ವಲ್ಪ ಕಡಿಮೆಯಿರಬಹುದು, ಬೊಂಬೆ ಹೇಗಿರುತ್ತದೋ ಗೊತ್ತಿಲ್ಲ. ಭಯ ಹೋಗಿದೆಯೇ ಎಂದು ಕೇಳಿಕೊಂಡೆ. ಹೋಗಿಲ್ಲ. ಎತ್ತುವ ಮೊದಲು ಬಂದು ನಿಲ್ಲುತ್ತದೆ, ಎತ್ತಿದ ಮೇಲೆ ಎಲ್ಲಿ ಹೋಯಿತೆಂದು ನೋಡುವುದಿಲ್ಲ. ಪರೀಕ್ಷೆಯಲ್ಲಿ ಸೋಲಲೂಬಹುದು. ಸೋತರೆ ದೊರೆ ನಾಲ್ಕು ಗಂಟೆಗೆ ಟೀ ಕೊಡುತ್ತಾರೆ, ಆದರೆ ನಾನಾಗಿಯೇ ಕೇಳಿ ಕುಡಿದ ಟೀ ಅದಾಗುವುದಿಲ್ಲ.

ಉತ್ತರದ ಕಾಗದವನ್ನು ಈಗ ಹೊರಗೆ ತೆಗೆದೆ. ಮೊದಲನೆಯ ಚೌಕದ ಪೆನ್ಸಿಲ್ ಗುರುತನ್ನು ಅಳಿಸಿ, ಎರಡನೆಯದಕ್ಕೆ ಪೆನ್ನಿನಲ್ಲಿ ಹಾಕಬೇಕೆನ್ನುವಾಗ ಪೆನ್ನು ಜಾರಿ ಮಂಚದ ಕೆಳಗೆ, ಗೋಡೆಯವರೆಗೂ ಉರುಳಿಹೋಯಿತು. ತೆಗೆದುಕೊಂಡು ಬಂದೆ. ಗುರುತು ಹಾಕಿದೆ, ಸಹಿ ಮಾಡಿದೆ. ಲಕೋಟೆ ಅಂಟಿಸಿದೆ.

ಅಂಚೆಗೆ ಹಾಕುವುದು: ನಾಳೆ, ಸೋಮವಾರ, ಸೆಪ್ಟೆಂಬರ್ 15.